ದಂಡಿನ ವಾದ್ಯಗಾರನಾದ ವಿಲ್ಯಮ್ ಹರ್ಷೆಲನ ಚರಿತ್ರೆ

ಜಾತ್ರೆಯಲ್ಲಾಗಲಿ ಮದುವೆಯಲ್ಲಾಗಲಿ ವಾದ್ಯ ನುಡಿಸುವವರನ್ನು ಜನರು ಸಂತೋಷದಿಂದ ಕೇಳುತ್ತಾರೆ. ಆದರೆ ಊಟದ ಪಂಕ್ತಿ ಕೂಡುವ ಹೊತ್ತಿಗೆ ಅದೇ ವಾದ್ಯಗಾರರನ್ನು ದೂರ ಕೂಡ್ರಿಸುವದುಂಟು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಹಳ್ಳಿಗಳಲ್ಲಿ ಹಲಗೆ, ಕರಡಿ, ಸನಾದಿಗಳನ್ನು ನುಡಿಸುತ್ತ ಬಂದ ಮನೆತನದವರಿಗೆ ಈ ಸಂಗತಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಐರೋಪ್ಯ ಖಂಡದಲ್ಲಿಯೂ ಹಿಂದಿನ ಕಾಲದಲ್ಲಿ ದಂಡಿನ ವಾದ್ಯಗಾರರಿಗೆ ಸಂಬಳವು ಅಲ್ಪವಾಗಿಯೂ ಕಷ್ಟವು ಬಹಳವಾಗಿಯೂ ಇತ್ತು. ಅಂಥ ಒಬ್ಬ ವಾದ್ಯಗಾರನ ಮಗನೂ, ತಾನೇ ಪಲ್ಟಣದ ಬ್ಯಾಂಡಿನಲ್ಲಿ ದುಡಿದು ಒಂದು ಬ್ಯಾಂಡಿನ ಮುಖ್ಯಸ್ಥನಾದವನೂ ಆದ ವಿಲ್ಯಮ್ ಹರ್ಷೆಲನ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ.

ಅವನ ತಂದೆಯ ಹೆಸರು ಇಸಾಕ. ಇವನು 1707ರಲ್ಲಿ ಜರ್ಮನಿ ದೇಶದಲ್ಲಿ ಒಬ್ಬ ತೋಟಗಾರನ ಮಗನಾಗಿ ಹುಟ್ಟಿದನು. ಹನ್ನೊಂದು ವರ್ಷದವನಾಗಿರುವಾಗಲೇ ತಂದೆಯನ್ನು ಕಳೆದುಕೊಂಡು ತೋಟದ ಕೆಲಸವನ್ನೇ ಕಲಿತನು. ಆದರೆ ಮನಸ್ಸೆಲ್ಲ ಸಂಗೀತದ ಮೇಲೆಯೇ ಇತ್ತು. ಮೊದಲು ತಾನಾಗಿಯೇ ಪಿಟೀಲು ನುಡಿಸುವದನ್ನು ಅಭ್ಯಾಸಮಾಡಿ, ಆಮೇಲೆ ಓಬೋ ಎಂಬ ವಾದ್ಯವನ್ನು ಕಲಿತನು. ಇದು ನಮ್ಮ ಸನಾದಿಯ ಜಾತಿಗೆ ಸೇರಿದ ಊದುವ ವಾದ್ಯವು. ಇದರ ಬಾಯಿಯಲ್ಲಿಯೂ ಜೊಂಡಿನ ಎರಡು ಎಸಳುಗಳಿರುತ್ತವೆ. ಇಸಾಕನು 1731ರಲ್ಲಿ ಹನೋವರ್ ಪಟ್ಟಣಕ್ಕೆ ಬಂದು, ಅಲ್ಲಿಯ ಕಾವಲು ಪಲ್ಟಣದ ಬ್ಯಾಂಡಿನಲ್ಲಿ ಓಬೋ ವಾದಕನಾಗಿ ಸೇರಿದನು. ಆ ಕಾಲದಲ್ಲಿ ಇಂಗ್ಲೆಂಡಿನ ಅರಸನೇ ಹನೋವರಿನ ಪ್ರಭುವಾಗಿಯೂ ಇದ್ದನು. ಮುಂದೆ 1782ರಲ್ಲಿ ಇದೇ ಹನೋವರಿನ ಎರಡು ಪಲ್ಟಣಗಳು ಹಡಗು ಹತ್ತಿ ಮದ್ರಾಸಿಗೆ ಬಂದು, ಹೈದರ ಮತ್ತು ಟೀಪುವಿನ ಕಾಲದ ಯುದ್ಧದಲ್ಲಿ ಇಂಗ್ಲಿಷರ ಪಕ್ಷವಾಗಿ ಕಾದಿದವು.

1743ರ ಜೂನ್ 27ರಂದು ಡೆಟ್ಟಿಂಗೆನ್ ಎಂಬಲ್ಲಿ ಫ್ರೆಂಚರ ಸಂಗಡ ದೊಡ್ಡ ಯುದ್ಧವಾಯಿತು. ಆ ರಾತ್ರಿ ಇಸಾಕನು ನೀರು ತುಂಬಿದ ಹೊಲದ ತಗ್ಗಿನಲ್ಲಿ ಬೆಳಗಾಗುವ ವರೆಗೆ ಮಲಗಬೇಕಾಯಿತು. ಗುಂಡು ತಗಲದಿದ್ದರೂ ಆ ಒಂದು ರಾತ್ರಿಯ ಚಳಿಯು ಅವನ ದೇಹವನ್ನು ಮುರಿಯಿತು. ಕೆಲವು ಕಾಲ ಕೈಕಾಲುಗಳು ಸ್ವಾಧೀನದಲ್ಲಿರಲಿಲ್ಲ. ಉಬ್ಬಸ ರೋಗವು ಸಾಯುವ ತನಕ ಬಿಡಲಿಲ್ಲ. ರಾಜಸೇವೆಯಿಂದ ಅವನಿಗೆ ದೊರೆತ ಬಹುಮಾನವು ಇದೇ.

ಇಂಥವನಾದರೂ ಅವನು ಮನೆಯಲ್ಲಿ ಗೊಣಗುತ್ತ ಕೂಡ್ರಲಿಲ್ಲ. ಹತ್ತು ಮಕ್ಕಳಲ್ಲಿ ಆರು ಮಕ್ಕಳು ಉಳಿದರು. ಗಂಡುಮಕ್ಕಳಿಗೆಲ್ಲ ತಾನೇ ಗುರುವಾಗಿ ವಾದ್ಯಗಳನ್ನು ಕಲಿಸಿದನು. ರಾತ್ರಿ ಆಕಾಶವು ನಿರ್ಮಲವಾಗಿದ್ದರೆ ಮಗಳಾದ ಕರೋಲಿನಳನ್ನು ಬೀದಿಗೆ ಕರಕೊಂಡು ಹೋಗಿ ನಕ್ಷತ್ರಗಳನ್ನು ತೋರಿಸುತ್ತಿದ್ದನು. ಆ ಮಕ್ಕಳಲ್ಲಿ ವಿಲ್ಹೆಲ್ಮನು 1738ರ ನವೆಂಬರ್ 15ರಂದು ಹುಟ್ಟಿದವನು. ಇಂಗ್ಲೆಂಡಿನಲ್ಲಿ ಇವನ ಹೆಸರು ವಿಲ್ಯಮ್ ಎಂದಾಯಿತು. ದಂಡಿನ ಶಾಲೆಯಲ್ಲಿ ಓದಿ, 1753ರಲ್ಲಿ ಹದಿನಾಲ್ಕು ವರ್ಷದ ಹುಡುಗನಾಗಿ ತಂದೆಯಿದ್ದ ಬ್ಯಾಂಡಿಗೇ ಸೇರಿದನು. 1756ರಲ್ಲಿ ಪಲ್ಟಣವು ಇಂಗ್ಲೆಂಡಿಗೆ ಹೋದಾಗ ತಂದೆಯೂ ಅಣ್ಣನಾದ ಯಾಕೋಬನೂ ಇವನೂ ಅದರೊಂದಿಗೆ ಹೋದರು. ಅಲ್ಲಿ ವಿಲ್ಯಮನು ಬಿಡುವಿನ ವೇಳೆಯಲ್ಲಿ ಇಂಗ್ಲಿಷ್ ಭಾಷೆಯನ್ನು ಕಲಿತು, ತನ್ನ ಅಲ್ಪ ಹಣದಿಂದ ಲಾಕನೆಂಬ ತತ್ವಜ್ಞಾನಿಯ ಪುಸ್ತಕವನ್ನು ಕೊಂಡು ತಂದನು.

ಮರುವರ್ಷ ಜುಲೈ 26ರಂದು ಹಾಸ್ಟೆನ್‌ಬೆಕ್ ಎಂಬಲ್ಲಿ ಫ್ರೆಂಚರು ಜಯಿಸಿದರು. ದಂಡು ಚೆದರಿತು. ಬಂದೂಕು ಹಿಡಿದವರ ಸಂಗತಿಯೇ ಹಾಗಿರಲಾಗಿ, ವಾದ್ಯ ಹಿಡಿದವರು ಎಲ್ಲಿದ್ದಾರೆಂದು ವಿಚಾರಿಸುವವರು ಯಾರು? ಮಗನ ದೇಹವೂ ತನ್ನ ದೇಹದಂತೆ ಹಾಳಾಗುವದೆಂದು ತಂದೆಯು ಹೆದರಿ, ಅವನು ದಂಡನ್ನು ಬಿಟ್ಟು ಹೋಗುವದೇ ಒಳ್ಳೇದೆಂದು ಆಲೋಚನೆ ಹೇಳಿದನು. ವಿಲ್ಯಮನು ಸಣ್ಣ ಪ್ರಾಯದಲ್ಲಿ ಸೇರಿದ್ದರಿಂದ ಸಿಪಾಯಿಗಳು ಮಾಡುವ ಪ್ರಮಾಣವನ್ನು ಅವನಿಂದ ಮಾಡಿಸಿರಲಿಲ್ಲ. ಆದಕಾರಣ ಅವನು ಬದ್ಧನಲ್ಲವೆಂದು ತಂದೆಯು ಎಣಿಸಿದನು. ಆದರೂ ಬಿಡುಗಡೆಯ ಪತ್ರವು ಕೈಯಲ್ಲಿರಲಿಲ್ಲ. ಉದ್ದ ಅಂಗಿಯಲ್ಲಿ ಮೈ ಮುಚ್ಚಿಕೊಂಡು ಅಣ್ಣನು ಹೊರಡುವದನ್ನೂ, ಅವನ ಸಾಮಾನಿನ ಗಂಟನ್ನು ಹಿಡಿದು ತಾಯಿಯು ಹಿಂದೆ ಹೋಗುವದನ್ನೂ ಏಳು ವರ್ಷದ ಕರೋಲಿನಳು ನೋಡಿ, ಮುಪ್ಪಿನ ತನಕ ಮರೆಯಲಿಲ್ಲ.

ಹೀಗೆ 1757ರ ಕೊನೆಯ ಭಾಗದಲ್ಲಿ ವಿಲ್ಯಮನು ಯಾಕೋಬನ ಸಂಗಡ ಇಂಗ್ಲೆಂಡನ್ನು ಮುಟ್ಟಿ, ಸಂಗೀತದ ಹಾಳೆಗಳನ್ನು ನಕಲು ಬರೆದು ಹೊಟ್ಟೆ ಹೊರೆದನು. ಎರಡು ವರ್ಷಗಳ ಮೇಲೆ ಯಾಕೋಬನು ಊರಿಗೆ ತಿರುಗಿದನು. ಇವನು ಒಬ್ಬನೇ ಉಳಿದನು. 1760ರಲ್ಲಿ ಡಾರ್ಲಿಂಗ್ಟನ್ ಪ್ರಭುವು ಡರ್ಹಮ್ ಪ್ರಾಂತದ ಮಿಲಿಶಿಯಾ ಎಂಬ ಕಾಯ್ದಳದ ಬ್ಯಾಂಡಿಗೆ ಇವನನ್ನು ಮುಖ್ಯಸ್ಥನನ್ನಾಗಿ ಮಾಡಿದನು. ಬ್ಯಾಂಡೆಂದರೆ ದೊಡ್ಡ ಮೇಳವಲ್ಲ. ಎರಡು ಓಬೋಗಳೂ ಎರಡು ಕೊಂಬುಗಳೂ, ಇಷ್ಟೇ. ಬೇರೊಬ್ಬನು ಇದಕ್ಕೆ ಬೇಸರಪಡುತ್ತಿದ್ದನು. ಹರ್ಷೆಲನಾದರೋ ಕೊಂಬು ಊದುವ ಇಬ್ಬರೂ ಒಳ್ಳೇ ನಿಪುಣರೆಂದು ಕಂಡು, ಅವರ ಕೈಚಳಕವು ತೋರುವ ಹಾಗೆ ತಾನೇ ಹೊಸ ರಚನೆಗಳನ್ನು ಮಾಡಿಕೊಟ್ಟನು.

ಇತ್ತ ಹನೋವರಿನಲ್ಲಿ ರೋಗಿಯಾದ ತಂದೆಯು ಮಗನ ಹೆಸರಿಗೆ ಅಂಟಿದ ಸಂದೇಹವನ್ನು ತೊಡೆಯುವದಕ್ಕೆ ಪ್ರಯತ್ನಪಟ್ಟು, ಸೇನಾಪತಿಯು ರುಜು ಮಾಡಿದ ಬಿಡುಗಡೆಯ ಪತ್ರವನ್ನು 1762ರ ಮಾರ್ಚ್ 29ರಂದು ಪಡೆದನು. ಹರ್ಷೆಲನು ದಂಡಿನಿಂದ ಓಡಿಹೋದ ಅಪರಾಧಿಯೆಂದೂ, ಪ್ರಸಿದ್ಧನಾದ ಮೇಲೆ ಅರಸನು ಅವನಿಗೆ ಕ್ಷಮಾಪತ್ರವನ್ನು ಕೈಯಾರೆ ಕೊಟ್ಟನೆಂದೂ ಒಂದು ಕಥೆಯು ಬಹಳ ಕಾಲ ನಡೆದುಬಂತು. ಅದು ಸತ್ಯವಲ್ಲ. ಅರಸನು ಅವನನ್ನು ಬಲ್ಲವನಾಗುವದಕ್ಕೆ ಇಪ್ಪತ್ತು ವರ್ಷ ಮುಂಚೆಯೇ ಆ ಲೆಕ್ಕವು ತೀರಿತ್ತು. ತೀರಿಸಿದವನು ಉಬ್ಬಸದಿಂದ ಬಳಲುವ ಬಡ ತಂದೆಯೇ.

ಆ ಪತ್ರದ ದೆಸೆಯಿಂದ ವಿಲ್ಯಮನು 1764ರ ಏಪ್ರಿಲಿನಲ್ಲಿ ಹೆದರಿಕೆಯಿಲ್ಲದೆ ಹುಟ್ಟೂರಿಗೆ ಬಂದು ಕೆಲವು ದಿನ ಇದ್ದನು. ಅವನು ಹೊರಡುವ ಆದಿತ್ಯವಾರವು ಕರೋಲಿನಳು ಮೊದಲನೆಯ ಸಾರಿ ಕರ್ತನ ಭೋಜನಕ್ಕೆ ಹೋಗುವ ದಿವಸವಾಗಿತ್ತು. ಸಭೆಯ ಮಧ್ಯದಲ್ಲಿ ಕೂತಿರುವಾಗ ಟಪಾಲು ಗಾಡಿಯ ಕಹಳೆಯ ಧ್ವನಿಯು ಕೇಳಬಂತು. ಅಣ್ಣನು ಹೋದನೆಂದು ಆಕೆಯು ತಿಳಕೊಂಡಳು. ತಂದೆಯು ಆ ಮೇಲೆ ಮಗನ ಮುಖವನ್ನು ನೋಡಲೇ ಇಲ್ಲ. ಪಾರ್ಶ್ವವಾಯು ಬಡಿದು, ಆದರೂ ಪಾಠ ಹೇಳುತ್ತ ನಕಲು ಬರೆಯುತ್ತ ಮನೆ ನಡೆಸಿ, 1767ರಲ್ಲಿ ತೀರಿಹೋದನು.

ಹರ್ಷೆಲನು 1766ರಲ್ಲಿ ಹ್ಯಾಲಿಫ್ಯಾಕ್ಸ್ ಊರಿನ ದೇವಾಲಯದಲ್ಲಿ ಆರ್ಗನ್ ನುಡಿಸುವವನಾದನು. ಬೇಗನೆ ಬಾತ್ ಪಟ್ಟಣದ ಆಕ್ಟಗನ್ ಪ್ರಾರ್ಥನಾಲಯವು ಅವನನ್ನು ಕರೆಯಿತು. ಅವನು ಸುಖವಾಗಿರುವಾಗ ಮನೆಯವರನ್ನು ಮರೆಯಲಿಲ್ಲ. ಚಿಕ್ಕಂದಿನಲ್ಲಿ ಬಂದ ವಿಷಮಜ್ವರದಿಂದ ಕರೋಲಿನಳ ಬೆಳವಣಿಗೆಯು ನಿಂತು, ಆಕೆಯು ನಾಲ್ಕಡಿಗಿಂತ ಸ್ವಲ್ಪವೇ ಎತ್ತರವಾಗಿದ್ದಳು. ಹುಡುಗಿಗೆ ವಿದ್ಯೆಯೇಕೆಂದು ತಾಯಿಯು ಆಕೆಯನ್ನು ಮನೆಗೆಲಸದಲ್ಲಿಯೇ ಇಟ್ಟಿದ್ದಳು. ವಿಲ್ಯಮನು ತಾಯಿಗೆ ಒಬ್ಬ ಆಳನ್ನು ಇಟ್ಟುಕೊಳ್ಳುವಷ್ಟು ಹಣವನ್ನು ಗೊತ್ತುಮಾಡಿ, 1772ರಲ್ಲಿ ತಂಗಿಯನ್ನು ಬಾತಿಗೆ ಕರತಂದು ಸಂಗೀತವನ್ನೂ ಗಣಿತವನ್ನೂ ಕಲಿಸಿದನು.

ಸಂಗೀತದ ಲೆಕ್ಕಗಳಿಂದ ಅವನ ಮನಸ್ಸು ಗಣಿತಕ್ಕೂ, ಗಣಿತದಿಂದ ಆಕಾಶಕ್ಕೂ ತಿರುಗಿತು. ದೊಡ್ಡ ದುರ್ಬೀನಿನ ಬೆಲೆಯು ತನ್ನ ಶಕ್ತಿಗೆ ಮೀರಿದ್ದರಿಂದ ತಾನೇ ಮಾಡುವದಕ್ಕೆ 1773ರಲ್ಲಿ ತೊಡಗಿದನು. ತಾಮ್ರ ಮತ್ತು ತವರಗಳನ್ನು ಕರಗಿಸಿ ಕನ್ನಡಿಯನ್ನು ಎರಕ ಹೊಯ್ಯಬೇಕು. ಅಚ್ಚಿಗೋಸ್ಕರ ಕುದುರೆಯ ಲದ್ದಿಯನ್ನು ಕುಟ್ಟಿ ಜರಡಿ ಹಿಡಿಯುವದು ಕರೋಲಿನಳ ಕೆಲಸ. ಉಜ್ಜುವಾಗ ಕೈ ತೆಗೆದರೆ ಕನ್ನಡಿ ಕೆಡುವದು. ಆದದರಿಂದ ಒಮ್ಮೆ ಹದಿನಾರು ತಾಸು ಬಿಡದೆ ಉಜ್ಜಿದನು, ತಂಗಿಯು ತುತ್ತು ಮಾಡಿ ಬಾಯಿಗೆ ಇಟ್ಟಳು. ಹಗಲೆಲ್ಲ ಪಾಠ, ಸಂಜೆ ಕಚೇರಿ, ರಾತ್ರಿ ಆಕಾಶ, ಹೀಗೆ ವರ್ಷಗಳು ಕಳೆದವು.

1781ರ ಮಾರ್ಚ್ 13ರ ರಾತ್ರಿ, ತಾನು ಮಾಡಿದ 7 ಫೂಟು ಉದ್ದದ ದುರ್ಬೀನಿನಲ್ಲಿ ನೋಡುತ್ತಿರುವಾಗ ನಕ್ಷತ್ರದಂತೆ ಚುಕ್ಕೆಯಾಗಿರದೆ ದುಂಡಾಗಿ ತೋರುವ ಒಂದು ಜ್ಯೋತಿಯನ್ನು ಕಂಡನು. ಮೊದಲು ಅದನ್ನು ಧೂಮಕೇತುವೆಂದು ಎಣಿಸಿದನು. ಪಂಡಿತರು ಲೆಕ್ಕ ಹಾಕಿದಾಗ ಶನಿಗಿಂತ ಆಚೆ ಸೂರ್ಯನನ್ನು ಸುತ್ತುವ ಗ್ರಹವೆಂದು ತಿಳಿಯಬಂತು. ಬುಧ, ಶುಕ್ರ, ಮಂಗಳ, ಗುರು, ಶನಿ ಈ ಐದನ್ನೇ ಸಕಲ ಜನಾಂಗಗಳು ಪುರಾತನ ಕಾಲದಿಂದ ಬಲ್ಲವರಾಗಿದ್ದರು. ಇದಕ್ಕೆ ಯುರೇನಸ್ ಎಂಬ ಹೆಸರು ನಿಂತಿತು. ಮರುವರ್ಷ ಮೂರನೆಯ ಜಾರ್ಜ್ ಅರಸನು ಅವನಿಗೆ ವರುಷಕ್ಕೆ 200 ಪೌಂಡುಗಳನ್ನು ನೇಮಿಸಿದನು. ಅದು ಸಂಗೀತದ ಗಳಿಕೆಗಿಂತ ಕಡಿಮೆಯಾದರೂ ಸಂತೋಷದಿಂದ ಒಪ್ಪಿಕೊಂಡನು.

ಆಮೇಲೆ ಅವನು ಯುರೇನಸಿನ ಎರಡು ಚಂದ್ರರನ್ನೂ ಶನಿಯ ಎರಡು ಚಂದ್ರರನ್ನೂ ಕಂಡುಹಿಡಿದು, 1789ರಲ್ಲಿ 40 ಫೂಟು ಉದ್ದದ ದುರ್ಬೀನನ್ನು ಪೂರೈಸಿದನು. ಕಣ್ಣಿಗೆ ಕಾಣದ ಶಾಖದ ಕಿರಣಗಳು ಸೂರ್ಯನ ಬೆಳಕಿನಲ್ಲಿ ಉಂಟೆಂದು 1800ರಲ್ಲಿ ತೋರಿಸಿದನು. ಕರೋಲಿನಳು ತಾನೇ ಎಂಟು ಧೂಮಕೇತುಗಳನ್ನು ಕಂಡು, ಅರಸನಿಂದ ಸಂಬಳವನ್ನು ಹೊಂದಿದಳು. ಹರ್ಷೆಲನು 1822ರ ಆಗಸ್ಟ್ 25ರಂದು ಸತ್ತನು. ಯುರೇನಸ್ ಸೂರ್ಯನನ್ನು ಒಂದು ಸಾರಿ ಸುತ್ತುವದಕ್ಕೆ 84 ವರ್ಷ ಹಿಡಿಯುತ್ತದೆ; ಅವನ ಆಯುಷ್ಯವೂ ಹೆಚ್ಚುಕಡಿಮೆ ಅಷ್ಟೇ ಆಗಿತ್ತು. ತಂಗಿಯು ಹನೋವರಿಗೆ ತಿರುಗಿ ಹೋಗಿ 1848ರಲ್ಲಿ 97 ವರ್ಷದವಳಾಗಿ ತೀರಿಹೋದಳು.

ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವ ನಮ್ಮ ಸೀಮೆಯ ಜನರಿಗೆ ಆಕಾಶವು ದೂರವಲ್ಲ. ಗುಡ್ಡಗಳ ಅಡ್ಡಿಯಿಲ್ಲದ ಆ ಕರಿಯ ಬಯಲಿನ ಮೇಲೆ ನಕ್ಷತ್ರಗಳು ಧಾರಾಳವಾಗಿ ಕಾಣುತ್ತವೆ. ವಾಚಕರೇ, ಹರ್ಷೆಲನ ಹೆಸರನ್ನು ಲೋಕವು ಬಲ್ಲದು. ಇಸಾಕನ ಹೆಸರನ್ನು ಬಲ್ಲವರು ಸ್ವಲ್ಪ. ಹೊಸ ಗ್ರಹವು ಕಾಣುವದಕ್ಕೆ ಹದಿನಾಲ್ಕು ವರ್ಷ ಮುಂಚೆ ಅವನು ಸಮಾಧಿಯನ್ನು ಸೇರಿದ್ದನು. ದಂಡು ಅವನ ಬಲವನ್ನೆಲ್ಲ ತೆಗೆದುಕೊಂಡಿತು; ಆದರೆ ಅವನು ಮಕ್ಕಳಿಗೆ ಓಬೋ ಊದುವದನ್ನು ಕಲಿಸಿದನು, ಮಗಳಿಗೆ ನಕ್ಷತ್ರಗಳನ್ನು ತೋರಿಸಿದನು, ದೂರದೇಶದಲ್ಲಿರುವ ಮಗನ ಹೆಸರನ್ನು ಶುದ್ಧಮಾಡಿದನು. ವಾದ್ಯ ಹಿಡಿಯುವ ಕೈಯನ್ನು ಕೀಳೆಂದು ಎಣಿಸುವವರಿಗೆ ಈ ತಂದೆ ಮಕ್ಕಳ ಚರಿತ್ರೆಯೇ ಸಾಕಾದ ಉತ್ತರವು. ಮನೆಯಲ್ಲಿ ಒಂದು ಹಳೆಯ ಸನಾದಿಯೋ ಹಲಗೆಯೋ ಇದ್ದು, ಅದರ ವಿದ್ಯೆಯನ್ನು ಬಲ್ಲ ಹಿರಿಯರು ಇದ್ದರೆ, ಅವರ ಬಳಿಯಲ್ಲಿ ಮಕ್ಕಳನ್ನು ಕೂಡ್ರಿಸುವದಕ್ಕೆ ನಾಚಬೇಕಾಗಿಲ್ಲ.