ಹೆರ್ಮನ್ ಮೊಗ್ಲಿಂಗ್: ಆನಂದಪುರದ ಹಿನ್ನೆಲೆಯಲ್ಲಿ ಒಂದು ಜೀವನಚಿತ್ರ

ಹೊಸಗನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಹೆರ್ಮನ್ ಮೊಗ್ಲಿಂಗ್ ಅವರ ಹೆಸರು ಎರಡು ಕಾರಣಗಳಿಗಾಗಿ ನಿಂತಿದೆ. 1843ರ ಜುಲೈ 1ರಂದು ಹೊರಬಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ದ ಸಂಪಾದಕತ್ವ ಒಂದು, ಪ್ರಾಚೀನ ಕನ್ನಡ ಕೃತಿಗಳನ್ನು ಅಚ್ಚಿನ ರೂಪಕ್ಕೆ ತಂದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆ ಇನ್ನೊಂದು. ಇವೆರಡೂ ಬಹುಮಟ್ಟಿಗೆ ಅವರು ಕೊಡಗಿಗೆ ಹೋಗುವ ಮೊದಲಿನ ಸಾಧನೆಗಳು. 1853ರಿಂದ 1860ರವರೆಗಿನ ಕೊಡಗಿನ ವರ್ಷಗಳು ಚರಿತ್ರೆಕಾರರಿಗೆ ಹೆಚ್ಚೆಂದರೆ ಒಂದು ವಾಕ್ಯದ ವಿಷಯ. ಆದರೆ ಪುಸ್ತಕಪ್ರೇಮಿಯಾದ ಈ ವಿದ್ವಾಂಸ ತನ್ನ ಬದುಕಿನ ಅತ್ಯಂತ ಕಠಿಣವಾದ ನಿರ್ಧಾರವನ್ನು ಕೈಗೊಂಡದ್ದು ಆ ಅವಧಿಯಲ್ಲಿ.

ಮೊಗ್ಲಿಂಗ್ ಹುಟ್ಟಿದ್ದು 1811ರ ಮೇ 29ರಂದು, ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತದ ಬ್ರಾಕನ್‌ಹೈಮ್‌ನಲ್ಲಿ. ಟ್ಯೂಬಿಂಗೆನ್‌ನಲ್ಲಿ ದೇವತಾಶಾಸ್ತ್ರವನ್ನು ಅಭ್ಯಾಸ ಮಾಡಿದರು. ಮುಂದೆ ಮಲಯಾಳದ ನಿಘಂಟುಕಾರನೆಂದು ಖ್ಯಾತನಾದ ಹೆರ್ಮನ್ ಗುಂಡರ್ಟ್ ಅವರ ಆಪ್ತಮಿತ್ರ. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿನಲ್ಲಿ ಕೆಲಸವನ್ನಾರಂಭಿಸಿತ್ತು. ಎರಡು ವರ್ಷಗಳ ತರುವಾಯ, 1836ರಲ್ಲಿ, ಮೊಗ್ಲಿಂಗ್ ಅಲ್ಲಿಗೆ ಬಂದರು. ಧಾರವಾಡ ಪ್ರದೇಶದಲ್ಲಿ ಸ್ವಲ್ಪ ಕಾಲವಿದ್ದು ಕನ್ನಡವನ್ನು ಚೆನ್ನಾಗಿ ಕೈವಶ ಮಾಡಿಕೊಂಡರು. ಆ ಸೀಮೆಯಲ್ಲಿ, ಬೆಟಗೇರಿಯ ಸಮೀಪದ ಮಲಸಮುದ್ರದಲ್ಲಿ, ಬೇಸಾಯವನ್ನು ಆಧಾರವಾಗಿಟ್ಟುಕೊಂಡ ಕ್ರೈಸ್ತ ವಸತಿಯೊಂದನ್ನು ಕಟ್ಟುವ ಪ್ರಯತ್ನವನ್ನು ಮಿಶನ್ 1841ರಲ್ಲಿ ಮಾಡಿತು. ಅದು ಕೈಗೂಡಲಿಲ್ಲ. ಆದರೂ ಸಭೆಯೆಂದರೆ ಪ್ರಾರ್ಥನೆಗೆ ಸೇರುವ ಗುಂಪು ಮಾತ್ರವಲ್ಲ, ಅದರ ಕೆಳಗೆ ನೆಲವೂ ದುಡಿಮೆಯೂ ಇರಬೇಕೆಂಬ ವಿಚಾರ ಹದಿನೈದು ವರ್ಷಗಳ ಅನಂತರ ಕೊಡಗಿನಲ್ಲಿ ಮತ್ತೆ ತಲೆಯೆತ್ತಿತೆನ್ನಬೇಕು.

ಮಂಗಳೂರಿನ ದಿನಗಳು ಸುಪರಿಚಿತವಾದವು. ಸೆಮಿನರಿಯ ಪಾಠ, ಕಲ್ಲಚ್ಚಿನ ಪತ್ರಿಕೆ, ಮರುವರ್ಷವೇ ಅದು ಬಳ್ಳಾರಿಗೆ ಸ್ಥಳಾಂತರಗೊಂಡದ್ದು, 1844ರಲ್ಲಿ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರ ಮತಾಂತರ ಮತ್ತು ಅದು ಊರಿನಲ್ಲೆಬ್ಬಿಸಿದ ಕ್ಷೋಭೆ ಇವನ್ನೆಲ್ಲ ಶ್ರೀನಿವಾಸ ಹಾವನೂರರಂಥ ಸಂಶೋಧಕರು ಈಗಾಗಲೇ ಬೆಳಕಿಗೆ ತಂದಿದ್ದಾರೆ. ಕಾಸಾಮೇಜರ್ ಎಂಬ ಆಂಗ್ಲ ಪೋಷಕನ ನೆರವಿನಿಂದ 1848ರಲ್ಲಿ ಆರಂಭವಾದ ಮಾಲೆಯಲ್ಲಿ ಜೈಮಿನಿ ಭಾರತ, ತೊರವೆ ರಾಮಾಯಣ, ಬಸವ ಪುರಾಣ, ದಾಸರ ಪದಗಳು ಪ್ರಕಟವಾದವು. ಅನ್ಯಮತೀಯರ ಪುರಾಣಗಳನ್ನು ಅಚ್ಚು ಹಾಕಲು ಹೊರಟ ಪಾದ್ರಿಯ ವಿಷಯದಲ್ಲಿ ಅವರ ಪಂಗಡದ ಎಲ್ಲರಿಗೂ ಸಮಾಧಾನವಿದ್ದಿರಲಾರದು.

1852ರ ವೇಳೆಗೆ ಮೊಗ್ಲಿಂಗ್ ಬಳಲಿದ್ದರು. ಯುರೋಪಿಗೆ ಮರಳುವ ಆಲೋಚನೆಯಲ್ಲಿದ್ದರು. ಆಗ ಕೊಡಗಿನ ಅಲ್ಮಂಡ ಮನೆತನದ ಸೋಮಯ್ಯ ಅವರನ್ನು ಅರಸಿಕೊಂಡು ಬಂದರು. ಸ್ಟೆಫನಸ್ ಎಂಬ ಹೊಸ ಹೆಸರನ್ನು ಪಡೆದ ಸೋಮಯ್ಯನವರೊಡನೆ ಮೊಗ್ಲಿಂಗ್ 1853ರಲ್ಲಿ ಘಟ್ಟ ಹತ್ತಿದರು. ಕೊಡಗು ಬಾಸೆಲ್ ಸಮಿತಿಯ ಯೋಜನೆಯಲ್ಲಿರಲಿಲ್ಲ. ಈ ಹೆಜ್ಜೆ ಅವರ ಸ್ವಂತ ಹೊಣೆಯದು. ಆರಂಭದಲ್ಲಿ ಅವರ ದೃಷ್ಟಿಯಿದ್ದದ್ದು ಮನೆತನಸ್ಥ ಕೊಡವರ ಮೇಲೆ. ಕೊಡಗಿನ ಇತಿಹಾಸ, ಪದ್ಧತಿಗಳನ್ನು ಕುರಿತು ಅವರು ಬರೆದ ‘ಕೂರ್ಗ್ ಮೆಮಾಯರ್ಸ್’ 1855ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ಆದರೆ ಅವರ ಬಳಿಗೆ ನಿಜವಾಗಿ ಬಂದವರು ಬೇರೆಯವರು.

ಕೊಡಗಿನ ಹೊಲೆಯರು ಒಡೆಯರ ಗದ್ದೆಗಳಲ್ಲಿ ತಲೆತಲಾಂತರದಿಂದ ದುಡಿಯುತ್ತಿದ್ದ ಜೀತದವರು. ಅವರಲ್ಲಿ ಎರಡು ಬಗೆ. ಭೂಮಿ ಜಮ್ಮದವರು ನೆಲಕ್ಕೆ ಅಂಟಿದವರು. ನೆಲ ಕೈಬದಲಾಯಿಸಿದರೆ ಅವರೂ ಅದರೊಡನೆ ಹೋಗಬೇಕು. ಒಕ್ಕಲು ಜಮ್ಮದವರು ಒಡೆಯನ ಸ್ವಂತ ಸೊತ್ತು. 1834ರಲ್ಲಿ ಚಿಕ್ಕವೀರರಾಜೇಂದ್ರನ ಆಳ್ವಿಕೆ ಕೊನೆಗೊಂಡು ಕಂಪನಿ ಸರಕಾರ ಬಂದಿತ್ತು. 1843ರ ಐದನೆಯ ಕಾಯಿದೆ ಗುಲಾಮಗಿರಿಗಿದ್ದ ಕಾನೂನಿನ ಮಾನ್ಯತೆಯನ್ನು ತೆಗೆದುಹಾಕಿತ್ತು. ಆದರೆ ಈ ಕಾಯಿದೆ ಮಾಡಿದ್ದು ಇಷ್ಟೇ: ಜೀತದ ಹಕ್ಕನ್ನು ನ್ಯಾಯಾಲಯ ಎತ್ತಿಹಿಡಿಯಲಾರದು. ಹೊರಟುಹೋದವನು ಎಲ್ಲಿಗೆ ಹೋಗಬೇಕು, ಏನನ್ನು ಉಣ್ಣಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿರಲಿಲ್ಲ. ಒಡೆಯನ ಗುಡಿಸಲು, ಒಡೆಯನ ಭತ್ತ ಬಿಟ್ಟರೆ ಅವನಿಗೆ ಬೇರೆ ಆಸರೆಯಿಲ್ಲ. 1854ರಲ್ಲಿ ಮಡಿಕೇರಿಯ ಬಳಿ ಯುರೋಪಿಯನ್ನರ ಮೊದಲ ಕಾಫಿತೋಟ ತೆರೆದ ಮೇಲೆ ಕೂಲಿಯ ದಾರಿಯೊಂದು ಮೂಡಿತಾದರೂ, ಕೂಲಿಯೆಂದರೆ ಸ್ವಂತ ನೆಲವಲ್ಲ.

ಮೊಗ್ಲಿಂಗ್ ಅವರ ಮುಂದೆ ಬಂದು ನಿಂತ ಹೊಲೆಯ ಕುಟುಂಬಗಳು ಕೇಳಿದ್ದು ಧರ್ಮೋಪದೇಶವನ್ನು. ಆದರೆ ಜಮ್ಮದ ಒಡೆಯನನ್ನು ತೊರೆದು ಬಂದವರಿಗೆ ಉಪದೇಶದಿಂದಲೇ ಹೊಟ್ಟೆ ತುಂಬದು. ಅವರ ಮಾತನ್ನು ಒಪ್ಪಿಕೊಂಡರೆ ನೆಲವನ್ನು ಹುಡುಕಬೇಕಾಗಿತ್ತು, ಒಡೆಯರ ವಿರೋಧವನ್ನು ಕಟ್ಟಿಕೊಳ್ಳಬೇಕಾಗಿತ್ತು. ಕೊಡವ ಮನೆಗಳ ಸ್ನೇಹದ ಮೇಲೆ ಕಟ್ಟಿದ ಮೊದಲಿನ ಆಸೆಯನ್ನೂ ಬಹುಮಟ್ಟಿಗೆ ಕೈಬಿಡಬೇಕಾಗಿತ್ತು. ಮೊಗ್ಲಿಂಗ್ ಹೊಲೆಯರನ್ನು ಆರಿಸಿಕೊಂಡರು. ಸಿದ್ದಾಪುರ–ಅಮ್ಮತ್ತಿ ಭಾಗದ ಕಾಡುನೆಲದಲ್ಲಿ ಆನಂದಪುರ ಎಂಬ ವಸತಿ ಹುಟ್ಟಿದ್ದು ಹೀಗೆ. ಕಾಡು ಕಡಿದವರು, ಮನೆ ಕಟ್ಟಿದವರು ಆ ಕುಟುಂಬಗಳೇ. ಗದ್ದೆಯ ಜತೆಗೆ ಕಾಫಿಯ ಬೇಸಾಯವೂ ನಡೆಯಿತು. ಪ್ರಾರ್ಥನಾಲಯದ ಜತೆಗೆ ಅಕ್ಷರಾಭ್ಯಾಸವೂ ಬಂದಿತು. ಅಕ್ಷರವೂ ಪ್ರಾರ್ಥನೆಯೂ ಕನ್ನಡದವು. ದಾಸರ ಪದಗಳನ್ನು ಅಚ್ಚು ಹಾಕಿಸಿದ ಕೈಯೇ ಇಲ್ಲಿ ಆ ಭಾಷೆಯನ್ನು, ಅಕ್ಷರ ಕಾಣದವರ ಮುಂದಿರಿಸಿತು.

ಇದನ್ನು ವಿಮೋಚನೆಯ ಕಥೆಯೆಂದು ಏಕಮುಖವಾಗಿ ಓದುವುದು ಸರಿಯಲ್ಲ. ಆನಂದಪುರದಲ್ಲಿ ನೆಲ ಮತ್ತು ದೀಕ್ಷೆ ಒಂದಕ್ಕೊಂದು ಹೆಣೆದುಕೊಂಡಿದ್ದವು. ಒಡೆಯನ ಅಧೀನದಿಂದ ಹೊರಬಂದವರು ಪಾದ್ರಿಯ ಶಿಸ್ತಿಗೆ ಒಳಗಾದರು. ನೆಲದ ಆಡಳಿತ ಅವರ ಕೈಗೆ ಬರಲಿಲ್ಲ. ಮತಾಂತರದ ಪ್ರೇರಣೆ ಆಧ್ಯಾತ್ಮಿಕವೋ ಲೌಕಿಕವೋ ಎಂಬ ಚರ್ಚೆ ಇಂದಿಗೂ ನಡೆಯುತ್ತದೆ. ಆ ಪ್ರಶ್ನೆ ಕೇಳುವವರಿಗೆ ಸಾಮಾನ್ಯವಾಗಿ ಸ್ವಂತ ಮನೆಯಿರುತ್ತದೆ. ಜಮ್ಮದ ಆಳಿಗೆ ಆತ್ಮ ಬೇರೆ, ಅನ್ನ ಬೇರೆ ಎಂಬ ವಿಂಗಡಣೆ ಅಷ್ಟು ಸುಲಭವಾಗಿರಲಿಲ್ಲ. ಆ ಕುಟುಂಬಗಳು ತಾವೇ ಬರೆದಿಟ್ಟ ದಾಖಲೆ ಅಭ್ಯಾಸಿಗಳ ಕೈಯಲ್ಲಿಲ್ಲದಿರುವುದು, ಇರುವುದೆಲ್ಲ ಮಿಶನರಿಯ ಕಣ್ಣಿನ ನೋಟವಾಗಿರುವುದು, ಈ ಅಧ್ಯಾಯದ ದೊಡ್ಡ ಕೊರತೆ.

ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1858ರಲ್ಲಿ ಮೊಗ್ಲಿಂಗ್ ಅವರಿಗೆ ಗೌರವ ಡಾಕ್ಟರೇಟ್ ನೀಡಿತು, ಕನ್ನಡದ ಕೆಲಸಕ್ಕಾಗಿ. ಎರಡು ವರ್ಷಗಳಲ್ಲಿ, ಪತ್ನಿ ಪೌಲೀನೆಯ ಅನಾರೋಗ್ಯದಿಂದಾಗಿ, ಅವರು ಕೊಡಗನ್ನು ಬಿಟ್ಟು ಜರ್ಮನಿಗೆ ಹೋಗಬೇಕಾಯಿತು. ಪೌಲೀನೆ ಮಂಗಳೂರಿನಲ್ಲಿ 1855ರಲ್ಲಿ ತೀರಿಕೊಂಡ ಗೊಟ್‌ಫ್ರೀಡ್ ವೈಗ್ಲೆಯ ವಿಧವೆ. ಆನಂದಪುರದ ಹೊಣೆ ಕೌಂಡಿನ್ಯರ ಮೇಲೆ ಬಿತ್ತು: ಹದಿನಾರು ವರ್ಷಗಳ ಹಿಂದೆ ಜಾತಿಯನ್ನು ತೊರೆದ ಬ್ರಾಹ್ಮಣ ಈಗ ಹೊಲೆಯರ ಸಭೆಗೆ ಪಾಲಕ. ಮೊಗ್ಲಿಂಗ್ ಮತ್ತೆ ಭಾರತಕ್ಕೆ ಬರಲಿಲ್ಲ. 1866ರಲ್ಲಿ ವೈಟ್‌ಬ್ರೆಕ್ಟ್ ಅವರೊಡನೆ ಕೊಡಗನ್ನು ಕುರಿತು ಜರ್ಮನ್ ಗ್ರಂಥವೊಂದನ್ನು ಹೊರತಂದರು. 1881ರ ಮೇ 10ರಂದು ಎಸ್ಲಿಂಗನ್‌ನಲ್ಲಿ ತೀರಿಕೊಂಡರು. ಕೌಂಡಿನ್ಯ 1893ರವರೆಗೆ ಬದುಕಿದ್ದರು.