ಹರ್ಬರ್ಟ್ ಚಾಪ್‌ಮನ್: ತೆರೆಯದ ಲೆಕ್ಕಪುಸ್ತಕದ ನೆರಳಿನಲ್ಲಿ

ಕಾಲ್ಚೆಂಡಾಟದ ಚರಿತ್ರೆಯನ್ನು ಓದಿದವರಿಗೆ ಹರ್ಬರ್ಟ್ ಚಾಪ್‌ಮನ್ ಎಂಬ ಹೆಸರು ಅಪರಿಚಿತವಲ್ಲ. ಹಡರ್ಸ್‌ಫೀಲ್ಡ್ ಎಂಬ ಗಿರಣಿಗಳ ಊರಿನ ತಂಡವನ್ನು ಇಂಗ್ಲೆಂಡಿನ ಅಗ್ರಪೀಠಕ್ಕೆ ಏರಿಸಿದವನು ಈತ. ಲಂಡನ್ನಿನ ಆರ್ಸೆನಲ್ ತಂಡಕ್ಕೆ ಜಗತ್ತಿನಾದ್ಯಂತ ಹೆಸರು ತಂದವನೂ ಈತನೇ. ಶಿಲ್ಪಿ ಜೇಕಬ್ ಎಪ್‌ಸ್ಟೀನ್ ರಚಿಸಿದ ಈತನ ಕಂಚಿನ ಪ್ರತಿಮೆ ಹೈಬರಿ ಕ್ರೀಡಾಂಗಣದ ಅಮೃತಶಿಲೆಯ ಹಜಾರದಲ್ಲಿ ನಿಂತು ಬಂದವರನ್ನೆಲ್ಲ ಎದುರುಗೊಳ್ಳುತ್ತಿತ್ತು. ಆದರೆ ಈ ಕೀರ್ತಿಗೆ ಮುನ್ನ ಆತನ ಬಾಳಿನಲ್ಲಿ ಒಂದು ಕತ್ತಲೆಯ ಅಧ್ಯಾಯವಿದೆ. ನಲವತ್ತೊಂದನೆಯ ವಯಸ್ಸಿನಲ್ಲಿ ಈತ ಆಟದ ಲೋಕದಿಂದ ಜೀವಾವಧಿ ಬಹಿಷ್ಕಾರಕ್ಕೆ ಗುರಿಯಾದ. ಎರಡನೆಯ ದರ್ಜೆಯ ಒಂದು ಬಡ ಸಂಘವು ತನ್ನ ಲೆಕ್ಕಪುಸ್ತಕಗಳನ್ನು ತೋರಿಸಲಾರದೆ ಅಳಿದುಹೋದಾಗ, ಅದರ ವ್ಯವಸ್ಥಾಪಕನಾಗಿದ್ದ ಚಾಪ್‌ಮನ್ನನೂ ಅದರೊಡನೆ ಮುಳುಗಿದ. ಆತ ಮತ್ತೆ ಮೇಲೆದ್ದ ಬಗೆಯನ್ನು ತಿಳಿಯಬೇಕಾದರೆ ಮೊದಲು ಆ ಮುಳುಗಡೆಯನ್ನು ಅರಿಯಬೇಕು.

ಚಾಪ್‌ಮನ್ ಹುಟ್ಟಿದ್ದು 1878ರ ಜನವರಿ 19ರಂದು, ಷೆಫೀಲ್ಡಿನ ಸಮೀಪದ ಕಿವೆಟನ್ ಪಾರ್ಕ್ ಎಂಬ ಕಲ್ಲಿದ್ದಲ ಗಣಿಯ ಊರಿನಲ್ಲಿ. ತಂದೆ ಗಣಿ ಕೆಲಸಗಾರ. ಮಗ ಓದಿನಲ್ಲಿ ಚುರುಕಾಗಿದ್ದು ಷೆಫೀಲ್ಡಿನಲ್ಲಿ ಗಣಿಗಾರಿಕೆಯ ಎಂಜಿನಿಯರಿಂಗ್ ಕಲಿತ. ಆಟಗಾರನಾಗಿ ಆತನದು ದೊಡ್ಡ ಹೆಸರಲ್ಲ. ತಮ್ಮ ಹ್ಯಾರಿಯೇ ಅವನಿಗಿಂತ ಮಿಗಿಲಾದ ಆಟಗಾರನೆನಿಸಿದ. ಹರ್ಬರ್ಟನು ಊರಿಂದೂರಿಗೆ, ಸಂಘದಿಂದ ಸಂಘಕ್ಕೆ ಅಲೆದಾಡಿದ. ಟಾಟೆನ್‌ಹ್ಯಾಮ್ ತಂಡದಲ್ಲಿದ್ದಾಗ ಆತನ ಹಳದಿ ಬಣ್ಣದ ಬೂಟುಗಳನ್ನು ಜನ ನೆನಪಿಟ್ಟುಕೊಂಡಷ್ಟು ಆತನ ಆಟವನ್ನು ನೆನಪಿಟ್ಟುಕೊಳ್ಳಲಿಲ್ಲ. ಗಣಿಯ ವಿದ್ಯೆಗೇ ಹಿಂದಿರುಗಬೇಕೆಂದಿದ್ದ ಈ ಮನುಷ್ಯನನ್ನು 1907ರಲ್ಲಿ ನಾರ್ಥ್ಯಾಂಪ್ಟನ್ ಸಂಘ ಆಟಗಾರ ಹಾಗೂ ವ್ಯವಸ್ಥಾಪಕನಾಗಿ ಕರೆಯಿತು. ಸದರ್ನ್ ಲೀಗಿನ ಕಟ್ಟಕಡೆಯ ಸ್ಥಾನದಲ್ಲಿದ್ದ ತಂಡವದು. ಎದುರಾಳಿಯನ್ನು ಮುಂದಕ್ಕೆ ಸೆಳೆದು ಅವನ ಬೆನ್ನ ಹಿಂದೆ ತೆರವಾದ ಬಯಲಿಗೆ ನುಗ್ಗುವ ಉಪಾಯವನ್ನು ಚಾಪ್‌ಮನ್ ಅಲ್ಲಿ ಕಲಿಸಿದ. ಎರಡೇ ವರ್ಷಗಳಲ್ಲಿ, 1909ರಲ್ಲಿ, ನಾರ್ಥ್ಯಾಂಪ್ಟನ್ ಆ ಲೀಗಿನ ವಿಜೇತ ತಂಡವಾಯಿತು.

1912ರಲ್ಲಿ ಆತನಿಗೆ ಲೀಡ್ಸ್ ಸಿಟಿಯಿಂದ ಕರೆ ಬಂದಿತು. ಲೀಡ್ಸ್ ಉಣ್ಣೆಯ ವ್ಯಾಪಾರಕ್ಕೂ ಸಿದ್ಧ ಉಡುಪಿಗೂ ಹೆಸರಾದ ದೊಡ್ಡ ನಗರ. ಆದರೆ ಜನರ ಒಲವೆಲ್ಲ ರಗ್ಬಿ ಆಟದ ಕಡೆಗೆ. 1904ರಲ್ಲಿ ಸ್ಥಾಪನೆಗೊಂಡ ಲೀಡ್ಸ್ ಸಿಟಿ ಸಂಘವು ಎಲೆಂಡ್ ರಸ್ತೆಯ ಬಯಲಿನಲ್ಲಿ ಆಡುತ್ತ, ಎರಡನೆಯ ದರ್ಜೆಯಿಂದ ಮೇಲೇರಲಾರದೆ, ಸಾಲದ ಮೇಲೆ ಸಾಲ ಹೊರುತ್ತ ಬಂದಿತ್ತು. ಸಂಘವನ್ನು ಎತ್ತಿ ಹಿಡಿದಿದ್ದವನು ನಾರಿಸ್ ಹೆಪ್‌ವರ್ತ್ ಎಂಬ ಉಡುಪಿನ ವ್ಯಾಪಾರಿ. ಆಟಗಾರರ ಸಂಬಳ, ಬಯಲಿನ ಖರ್ಚುವೆಚ್ಚ ಎಲ್ಲಕ್ಕೂ ಆತ ತನ್ನ ಕೈಯಿಂದ ಹಣ ಸುರಿದ. ಅವನ ಔದಾರ್ಯಕ್ಕೂ ಒಂದು ಮಿತಿಯಿತ್ತು. ಸಂಘ ದಿವಾಳಿಯ ಅಂಚಿಗೆ ಬಂದು, ಟಾಮ್ ಕೂಂಬ್ಸ್ ಎಂಬ ರಿಸೀವರನ ಕೈಗೆ ವ್ಯವಹಾರ ಸೇರಿತು.

ಚಾಪ್‌ಮನ್ನನ ಮೊದಲ ಕೆಲಸ ಆಟದ ಬಯಲಿನಲ್ಲಿ ಇರಲಿಲ್ಲ. ಲೀಡ್ಸ್ ಸಿಟಿ ಆ ವರ್ಷ ಇಪ್ಪತ್ತು ತಂಡಗಳ ಪೈಕಿ ಹತ್ತೊಂಬತ್ತನೆಯದಾಗಿತ್ತು. ಕಡೆಯ ಎರಡು ತಂಡಗಳು ಲೀಗಿನಲ್ಲಿ ಉಳಿಯಬೇಕಾದರೆ ಇತರ ಸಂಘಗಳ ಮತ ಬೇಡಿ ಮರುಚುನಾವಣೆ ಹೊಂದಬೇಕೆಂಬುದು ಆಗಿನ ನಿಯಮ. ಹೊಸ ವ್ಯವಸ್ಥಾಪಕ ಇತರ ಸಂಘಗಳವರ ಮನವೊಲಿಸಿ ಮತ ಗಳಿಸಿ ಸಂಘವನ್ನು ಉಳಿಸಿಕೊಂಡ. ಮರುವರ್ಷ ತಂಡ ಆರನೆಯ ಸ್ಥಾನಕ್ಕೆ ಏರಿತು; 1914ರಲ್ಲಿ ನಾಲ್ಕನೆಯದಾಗಿ, ಎರಡೇ ಅಂಕಗಳ ಕೊರತೆಯಿಂದ ಮೊದಲನೆಯ ದರ್ಜೆಯನ್ನು ತಪ್ಪಿಸಿಕೊಂಡಿತು. ಅದೇ ವರ್ಷದ ಆರಂಭದಲ್ಲಿ ಹೆಪ್‌ವರ್ತ್ ತೀರಿಕೊಂಡ. ಜೋಸೆಫ್ ಕಾನರ್ ಎಂಬುವನ ಮುಂದಾಳುತನದಲ್ಲಿ ಸ್ಥಳೀಯರ ಒಂದು ಕೂಟ ಸಂಘವನ್ನು ಕೊಂಡುಕೊಂಡಿತು. ಅಷ್ಟರಲ್ಲಿ ಯೂರೋಪಿನಲ್ಲಿ ಮಹಾಯುದ್ಧ ಹೊತ್ತಿಕೊಂಡಿತು.

ಯುದ್ಧಕಾಲದ ಆಟಕ್ಕೆ ಬೇರೆಯೇ ಕಟ್ಟಳೆಗಳಿದ್ದವು. ಶಾಂತಿಕಾಲದಲ್ಲಿಯೂ ಆಟಗಾರನ ಸಂಬಳಕ್ಕೆ ಮಿತಿಯಿತ್ತು. 1901ರಲ್ಲಿ ಅದನ್ನು ವಾರಕ್ಕೆ 4 ಪೌಂಡು ಎಂದು ಗೊತ್ತುಪಡಿಸಲಾಗಿತ್ತು. ಯುದ್ಧ ಬಂದ ಮೇಲೆ ಸಂಬಳವೇ ನಿಷಿದ್ಧ. ಪ್ರಯಾಣದ ಖರ್ಚಿನಂತಹ ಅಲ್ಪ ಹಣವನ್ನಷ್ಟೇ ಕೊಡಬಹುದಾಗಿತ್ತು. ಸೈನ್ಯಕ್ಕೋ ಕಾರ್ಖಾನೆಗೋ ಸೇರಿ ಊರು ಬದಲಿಸಿದ ಆಟಗಾರರು ಹತ್ತಿರದ ಯಾವ ತಂಡಕ್ಕಾದರೂ ಅತಿಥಿಗಳಾಗಿ ಆಡಬಹುದಾಗಿತ್ತು. ಒಳ್ಳೆಯ ಆಟಗಾರರು ಬೇಕು, ಆದರೆ ಅವರಿಗೆ ಹಣ ಕೊಡುವಂತಿಲ್ಲ ಎಂಬ ಸ್ಥಿತಿಯಲ್ಲಿ ಎಷ್ಟೋ ಸಂಘಗಳು ಹಿಂಬಾಗಿಲಿನಿಂದ ಹಣ ಕೊಡುತ್ತಿವೆ ಎಂಬ ಗುಸುಗುಸು ಎಲ್ಲೆಡೆಯೂ ಇತ್ತು. ಲೀಡ್ಸ್ ಸಿಟಿ ಯುದ್ಧಕಾಲದ ಪಂದ್ಯಗಳಲ್ಲಿ ಗೆಲುವಿನ ಮೇಲೆ ಗೆಲುವು ಪಡೆಯತೊಡಗಿದಾಗ ಆ ಗುಸುಗುಸು ಅದರ ಸುತ್ತ ದಟ್ಟವಾಯಿತು. ಚಾಪ್‌ಮನ್ 1916ರಲ್ಲಿ ನಗರದ ಹೊರಗಿನ ಬಾರ್ನ್‌ಬೋ ಮದ್ದುಗುಂಡಿನ ಕಾರ್ಖಾನೆಯ ಕೆಲಸಕ್ಕೆ ಹೋಗಿದ್ದ. ಸಂಘದ ಕಡತಗಳೂ ಲೆಕ್ಕವೂ ಆತನ ಸಹಾಯಕ ಜಾರ್ಜ್ ಕ್ರಿಪ್ಸನ ಕೈಯಲ್ಲಿದ್ದವು. ಕ್ರಿಪ್ಸನಿಗೂ ಕಾನರನಿಗೂ ಹೊಂದಿಕೆಯಾಗಲಿಲ್ಲ. ಒಳಜಗಳ ಬೆಳೆಯಿತು. ಯುದ್ಧ ಮುಗಿದೊಡನೆ ಹಿಂದಿರುಗಿದ ಚಾಪ್‌ಮನ್ 1918ರ ಡಿಸೆಂಬರಿನಲ್ಲಿ ಥಟ್ಟನೆ ರಾಜೀನಾಮೆಯಿತ್ತು, ಸೆಲ್ಬಿ ಪಟ್ಟಣದ ಒಂದು ಎಣ್ಣೆ ಗಿರಣಿಯ ಮೇಲ್ವಿಚಾರಕನಾಗಿ ಹೊರಟುಹೋದ.

ಮುಚ್ಚಿಟ್ಟದ್ದು ಬಯಲಿಗೆ ಬಂದುದು ಒಬ್ಬ ಆಟಗಾರನ ಸಂಬಳದ ತಕರಾರಿನಿಂದ. ಚಾರ್ಲಿ ಕೋಪ್‌ಲೆಂಡ್ ಎಂಬ ರಕ್ಷಣಾಪಂಕ್ತಿಯ ಆಟಗಾರ 1919ರಲ್ಲಿ ಹೆಚ್ಚಿನ ಸಂಬಳ ಕೇಳಿದ; ಆಡಳಿತ ಮಂಡಲಿ ಒಪ್ಪಲಿಲ್ಲ. ಯುದ್ಧಕಾಲದಲ್ಲಿ ಆಟಗಾರರಿಗೆ ಕಾನೂನುಬಾಹಿರವಾಗಿ ಹಣ ಸಂದಿದೆಯೆಂದು ಆತ ಫುಟ್‌ಬಾಲ್ ಅಸೋಸಿಯೇಷನ್ನಿಗೂ ಲೀಗಿಗೂ ದೂರಿತ್ತ. ವಿಚಾರಣಾ ಸಮಿತಿ ಕೇಳಿದ್ದು ಒಂದೇ ವಸ್ತುವನ್ನು: ಲೆಕ್ಕಪುಸ್ತಕ. ಅವುಗಳನ್ನು ಹಾಜರುಪಡಿಸಲು ಅಕ್ಟೋಬರ್ 6ರ ಗಡುವು ಗೊತ್ತಾಯಿತು. ಗಡುವಿಗೆ ಎರಡು ದಿನ ಮುಂಚೆ, 4ರಂದು, ತಂಡ ವುಲ್ವರ್‌ಹ್ಯಾಂಪ್ಟನ್ನಿಗೆ ಹೋಗಿ 4-2ರಿಂದ ಗೆದ್ದುಬಂದಿತು. ಅದೇ ಅದರ ಕಟ್ಟಕಡೆಯ ಪಂದ್ಯ. ಗಡುವು ಕಳೆಯಿತು, ಪುಸ್ತಕಗಳು ಬರಲಿಲ್ಲ. ಅಕ್ಟೋಬರ್ 13ರಂದು ಲೀಡ್ಸ್ ಸಿಟಿಯನ್ನು ಲೀಗಿನಿಂದ ಹೊರಹಾಕಲಾಯಿತು. ಋತುವಿನ ಎಂಟು ಪಂದ್ಯಗಳಷ್ಟೇ ಮುಗಿದಿದ್ದವು. ಉಳಿದವುಗಳನ್ನು ಪೋರ್ಟ್ ವೇಲ್ ಸಂಘ ಆಡಿತು. ನಿರ್ದೇಶಕರ ಜೊತೆಗೆ ಚಾಪ್‌ಮನ್ನನ ಮೇಲೂ ಜೀವಾವಧಿ ನಿಷೇಧ ಬಿದ್ದಿತು.

ಆಮೇಲೆ ನಡೆದುದು ಇಂದಿಗೂ ಮನಸ್ಸನ್ನು ಕಲಕುವ ಸಂಗತಿ. ಅಕ್ಟೋಬರ್ 17ರಂದು ಲೀಡ್ಸಿನ ಮೆಟ್ರೊಪೋಲ್ ಹೋಟೆಲಿನಲ್ಲಿ ಸಂಘದ ಸ್ವತ್ತುಗಳ ಹರಾಜು ನಡೆಯಿತು; ಆ ಸ್ವತ್ತುಗಳಲ್ಲಿ ಆಟಗಾರರೂ ಸೇರಿದ್ದರು. ಬೇರೆ ಬೇರೆ ಸಂಘಗಳ ಪ್ರತಿನಿಧಿಗಳು ನೆರೆದು ಒಬ್ಬೊಬ್ಬನಿಗೂ ಬೆಲೆ ಕಟ್ಟಿದರು. ಗೋಲುಗಳ ಸರದಾರನೆನಿಸಿದ್ದ ಬಿಲ್ಲಿ ಮೆಕ್ಲಿಯಾಡ್ 1,250 ಪೌಂಡಿಗೆ ನಾಟ್ಸ್ ಕೌಂಟಿಯ ಪಾಲಾದ. ಹದಿನಾರು ಮಂದಿಯಿಂದ ಬಂದ ಒಟ್ಟು ಹಣ 9,250 ಪೌಂಡು. ಲೆಕ್ಕ ಬರೆದವರು ಯಾರೋ, ಬರೆಸಿದವರು ಯಾರೋ. ಪುಸ್ತಕ ಮುಚ್ಚಿಟ್ಟವರು ಮತ್ತಾರೋ. ಹೆಂಡಿರು ಮಕ್ಕಳೊಡನೆ ವಾರದೊಳಗೆ ಊರು ಬಿಡಬೇಕಾಗಿ ಬಂದವರು ಮಾತ್ರ ಆಟಗಾರರು. ಅದೇ ದಿನ ನಗರದ ಸೇಲಂ ಸಭಾಂಗಣದಲ್ಲಿ ಅಭಿಮಾನಿಗಳು ಸೇರಿ ಲೀಡ್ಸ್ ಯುನೈಟೆಡ್ ಎಂಬ ಹೊಸ ಸಂಘಕ್ಕೆ ನಾಂದಿ ಹಾಡಿದರು. ಸಂಘ ಸತ್ತರೂ ಊರಿನ ಹಂಬಲ ಸಾಯಲಿಲ್ಲ.

ಲೀಡ್ಸಿನ ಈ ದುರಂತದ ಅಲೆ ಹದಿನೈದು ಮೈಲಿ ದೂರದ ಹಡರ್ಸ್‌ಫೀಲ್ಡನ್ನೂ ಬಡಿಯಿತು. ಅಲ್ಲಿಯ ಸಂಘವೂ ಎರಡನೆಯ ದರ್ಜೆಯದು; ಅಲ್ಲಿಯೂ ರಗ್ಬಿಯದೇ ಮೇಲುಗೈ; ಪಂದ್ಯಕ್ಕೆ ಮೂರು ಸಾವಿರ ಜನ ಸೇರುವುದೂ ಕಷ್ಟ. ಸಂಘಕ್ಕೆ ಸಾಲ ಕೊಟ್ಟಿದ್ದ ಹಿಲ್ಟನ್ ಕ್ರೌದರ್ ಎಂಬ ಗಿರಣಿಯ ಒಡೆಯ ಬೇಸತ್ತು, ಇಡೀ ತಂಡವನ್ನೇ ಲೀಡ್ಸಿನ ಬರಿದಾದ ಬಯಲಿಗೆ ಒಯ್ಯುವುದಾಗಿ 1919ರ ನವೆಂಬರಿನಲ್ಲಿ ಸಾರಿದ. ಆಟಕ್ಕೆ ಬಾರದಿದ್ದ ಜನ ಈಗ ಎದ್ದು ನಿಂತರು. ಒಂದೊಂದು ಪೌಂಡಿನ ಷೇರುಗಳನ್ನು ಮಾರಿ ಕ್ರೌದರನ ಋಣ ತೀರಿಸಲು ಹಣ ಕೂಡಿಸಿದರು. ಸಂಘ ಊರಿನಲ್ಲೇ ಉಳಿಯಿತು. ಅದೇ ಋತುವಿನಲ್ಲಿ ಮೊದಲನೆಯ ದರ್ಜೆಗೆ ಏರಿ, ಎಫ್.ಎ. ಕಪ್ಪಿನ ಅಂತಿಮ ಪಂದ್ಯವನ್ನೂ ತಲಪಿತು. ಅಲ್ಲಿ ಅದನ್ನು ಏಕೈಕ ಗೋಲಿನಿಂದ ಸೋಲಿಸಿದ ಆಸ್ಟನ್ ವಿಲ್ಲಾದ ಬಿಲ್ಲಿ ಕರ್ಟನ್, ಆರು ತಿಂಗಳ ಹಿಂದೆ ಲೀಡ್ಸಿನ ಹರಾಜಿನಲ್ಲಿ ಬಿಕರಿಯಾದವರಲ್ಲಿ ಒಬ್ಬನೆಂಬುದು ವಿಧಿಯ ವಿನೋದ.

ಇತ್ತ ಸೆಲ್ಬಿಯ ಗಿರಣಿ ಕೈಬದಲಾಗಿ 1920ರ ಡಿಸೆಂಬರಿನಲ್ಲಿ ಚಾಪ್‌ಮನ್ ಕೆಲಸ ಕಳೆದುಕೊಂಡ. ಆಟದ ಲೋಕದ ಬಾಗಿಲು ಮುಚ್ಚಿತ್ತು. ಕೈಯಲ್ಲಿದ್ದ ಉದ್ಯೋಗವೂ ಹೋಯಿತು. ಆಗ ಆತನನ್ನು ಅರಸಿ ಬಂದದ್ದು ಹಡರ್ಸ್‌ಫೀಲ್ಡ್ ಸಂಘ. ಅದರ ಬೆಂಬಲದಿಂದ ಚಾಪ್‌ಮನ್ ನಿಷೇಧದ ವಿರುದ್ಧ ಮೇಲ್ಮನವಿ ಸಲ್ಲಿಸಿದ. ಹಣ ಸಂದಿತೆನ್ನಲಾದ ಕಾಲದಲ್ಲಿ ತಾನು ಬಾರ್ನ್‌ಬೋ ಕಾರ್ಖಾನೆಯಲ್ಲಿದ್ದೆನೆಂಬುದು ಅವನ ವಾದ. ಅಸೋಸಿಯೇಷನ್ ಅದನ್ನು ಮನ್ನಿಸಿತು. ಪುಸ್ತಕಗಳನ್ನು ತೆರೆಯದೆ ಆತನನ್ನು ಶಿಕ್ಷಿಸಲಾಗಿತ್ತು. ಪುಸ್ತಕಗಳನ್ನು ತೆರೆಯದೆಯೇ ಬಿಡುಗಡೆ ಮಾಡಲಾಯಿತು. ಆರೋಪದ ಕಲೆ ಅಳಿಯಿತಾದರೂ ಅದನ್ನು ಅಳಿಸಿದ್ದು ಗೈರುಹಾಜರಿಯ ಸಾಕ್ಷ್ಯವೇ ಹೊರತು ಲೆಕ್ಕದ ಸಾಕ್ಷ್ಯವಲ್ಲ. ನ್ಯಾಯವಾಗಿ ಬರೆಯುವ ಚರಿತ್ರಕಾರ ಈ ಮಾತನ್ನು ಮರೆಮಾಚಲಾರ.

1921ರ ಆರಂಭದಲ್ಲಿ ಸಹಾಯಕನಾಗಿ ಸೇರಿದ ಚಾಪ್‌ಮನ್ ಕೆಲವೇ ವಾರಗಳಲ್ಲಿ ಸಂಘದ ಕಾರ್ಯದರ್ಶಿಯೂ ವ್ಯವಸ್ಥಾಪಕನೂ ಆದ. ಲೀಡ್ಸಿನಲ್ಲಿ ಅಧಿಕಾರ ಹಲವರ ಕೈಯಲ್ಲಿ ಹರಿದು ಹಂಚಿಹೋಗಿತ್ತು. ಇಲ್ಲಿ ತಂಡದ ಆಯ್ಕೆ, ಆಟಗಾರರ ಖರೀದಿ, ಕಿರಿಯ ತಂಡಗಳ ತರಬೇತಿ ಎಲ್ಲವೂ ಒಬ್ಬನ ಹೊಣೆಯಾಯಿತು. ನಿರ್ದೇಶಕರೇ ಕುಳಿತು ತಂಡ ಆರಿಸುತ್ತಿದ್ದ ಕಾಲದಲ್ಲಿ ಇದು ದೊಡ್ಡ ಬದಲಾವಣೆ. 1922ರಲ್ಲಿ ಎಫ್.ಎ. ಕಪ್ ಹಡರ್ಸ್‌ಫೀಲ್ಡಿಗೆ ಬಂದಿತು. 1924ರಲ್ಲಿ ಗೋಲುಗಳ ಸರಾಸರಿಯ ಕೂದಲೆಳೆಯಷ್ಟು ಅಂತರದಿಂದ ಕಾರ್ಡಿಫ್ ಸಿಟಿಯನ್ನು ಹಿಂದಿಕ್ಕಿ ತಂಡ ಲೀಗನ್ನು ಗೆದ್ದಿತು. 1925ರಲ್ಲಿ ಮತ್ತೆ ಗೆದ್ದಿತು. ಆತ ಬಿಟ್ಟುಹೋದ ಮೇಲೆ ಮೂರನೆಯ ಸಲವೂ ಗೆದ್ದಿತು. ಮಾರಾಟವಾಗಿ ಊರು ಬಿಡಲಿದ್ದ ತಂಡದ ಭಾಗ್ಯವಿದು!

1925ರಲ್ಲಿ ಆರ್ಸೆನಲ್ಲಿನ ಅಧ್ಯಕ್ಷ ಸರ್ ಹೆನ್ರಿ ನಾರಿಸ್ ಹೊಸ ವ್ಯವಸ್ಥಾಪಕನಿಗಾಗಿ ಜಾಹೀರಾತು ಕೊಟ್ಟ. ಭಾರಿ ಬೆಲೆ ತೆತ್ತು ಆಟಗಾರರನ್ನು ಕೊಳ್ಳುವುದೊಂದನ್ನೇ ಬಲ್ಲವರು ಅರ್ಜಿ ಹಾಕಬೇಕಾಗಿಲ್ಲವೆಂಬುದು ಅದರ ಇಂಗಿತ. ವರ್ಷಕ್ಕೆ 2,000 ಪೌಂಡಿನ ಸಂಬಳಕ್ಕೆ ಚಾಪ್‌ಮನ್ ಲಂಡನ್ನಿಗೆ ಹೋದ. ಅಲ್ಲಿಯೂ ಲೆಕ್ಕಪುಸ್ತಕದ ನೆರಳು ಬೆನ್ನು ಬಿಡಲಿಲ್ಲ. ಸಂಘದ ಹಣವನ್ನು ನಾರಿಸ್ ತನ್ನ ಸ್ವಂತಕ್ಕೆ ಬಳಸಿದ ಸಂಗತಿ 1927ರಲ್ಲಿ ಹೊರಬಿದ್ದಿತು. ತಂಡದ ಬಸ್ಸು ಮಾರಿ ಬಂದ 125 ಪೌಂಡು ಆತನ ಹೆಂಡತಿಯ ಖಾತೆ ಸೇರಿತ್ತೆಂಬುದು ಆಪಾದನೆಗಳಲ್ಲಿ ಒಂದು. ಅಸೋಸಿಯೇಷನ್ ಆತನನ್ನು ಆಟದ ಆಡಳಿತದಿಂದ ದೂರವಿಟ್ಟಿತು. ಮಾನನಷ್ಟದ ಮೊಕದ್ದಮೆ ಹೂಡಿ 1929ರಲ್ಲಿ ನಾರಿಸ್ ಸೋತ. ಈ ಸಲ ಒಡೆಯ ಹೋದ, ವ್ಯವಸ್ಥಾಪಕ ಉಳಿದ, ಸಂಘವೂ ಉಳಿಯಿತು.

ಮುಂದಿನ ವಿಜಯಗಾಥೆ ಎಲ್ಲರೂ ಬಲ್ಲದ್ದು. 1930ರಲ್ಲಿ ಕಪ್ಪು, 1931 ಮತ್ತು 1933ರಲ್ಲಿ ಲೀಗು. 1928ರಲ್ಲಿ ಆಟಗಾರರ ಬೆನ್ನಿಗೆ ಸಂಖ್ಯೆ ಹಾಕಿ ಆಡಿಸಿದವನು, ರಾತ್ರಿಯಲ್ಲಿ ದೀಪದ ಬೆಳಕಿನಲ್ಲಿ ಆಡಬೇಕೆಂದು ವಾದಿಸಿದವನು, 1932ರಲ್ಲಿ ನೆಲದಡಿಯ ರೈಲಿನ ನಿಲ್ದಾಣಕ್ಕೆ ತನ್ನ ತಂಡದ ಹೆಸರನ್ನೇ ಇಡಿಸಿದವನು ಚಾಪ್‌ಮನ್. ಆದರೂ 1933ರ ಜನವರಿಯಲ್ಲಿ ಮೂರನೆಯ ದರ್ಜೆಯ ವಾಲ್ಸಲ್ ತಂಡ ಈ ಸಿರಿವಂತ ಆರ್ಸೆನಲ್ಲನ್ನು 2-0ರಿಂದ ಕೆಡವಿತು. ಬಡ ಸಂಘಗಳ ಕೆಚ್ಚು ಏನೆಂಬುದನ್ನು ನಾರ್ಥ್ಯಾಂಪ್ಟನ್ನಿನಲ್ಲಿಯೂ ಲೀಡ್ಸಿನಲ್ಲಿಯೂ ಕಂಡಿದ್ದ ಆತನಿಗೆ ಅದು ಹೊಸ ಪಾಠವಾಗಿರಲಾರದು.

1934ರ ಹೊಸವರ್ಷದ ದಿನ ಚಾಪ್‌ಮನ್ ಬರಿ ಊರಿನ ತಂಡಕ್ಕೂ ನಾಟ್ಸ್ ಕೌಂಟಿಗೂ ನಡೆದ ಪಂದ್ಯವನ್ನು ನೋಡಲು ಹೋದ, ಮರುದಿನ ಷೆಫೀಲ್ಡಿಗೆ. ನೆಗಡಿ ಹಿಡಿದಿದ್ದರೂ ವೈದ್ಯರ ಮಾತು ಮೀರಿ ಗಿಲ್ಡ್‌ಫರ್ಡಿನಲ್ಲಿ ತನ್ನ ಮೂರನೆಯ ತಂಡದ ಆಟವನ್ನೂ ನೋಡಿದ. ನೆಗಡಿ ನ್ಯುಮೋನಿಯಾಕ್ಕೆ ತಿರುಗಿ ಜನವರಿ 6ರಂದು ತೀರಿಕೊಂಡ. ಆಗ ಆತನಿಗೆ ಐವತ್ತೈದು ವರ್ಷ. ಅಂದು ಮಧ್ಯಾಹ್ನ ಹೈಬರಿಯಲ್ಲಿ ಆರ್ಸೆನಲ್ ಎಂದಿನಂತೆ ಆಡಿತು. ಆ ವರ್ಷವೂ ಮರುವರ್ಷವೂ ಲೀಗಿನ ಗೆಲುವು ಅದರದೇ.

ಆತ ಹೊಸವರ್ಷದಂದು ನೋಡಿದ ಬರಿ ಸಂಘ 1894ರಿಂದ ಲೀಗಿನಲ್ಲಿದ್ದುದು. 2019ರ ಆಗಸ್ಟಿನಲ್ಲಿ, ತನ್ನ ಹಣಕಾಸಿನ ಬಲವನ್ನು ರುಜುವಾತುಪಡಿಸಲಾರದೆ, ಅದೂ ಲೀಗಿನಿಂದ ಹೊರಬಿದ್ದಿತು. ಲೀಡ್ಸ್ ಸಿಟಿ ಅಳಿದು ಆಗ ಸರಿಯಾಗಿ ನೂರು ವರ್ಷ. ಆಟದ ಚಾತುರ್ಯ ಬದಲಾಯಿತು, ಹಣದ ಮೊತ್ತ ಬದಲಾಯಿತು. ಊರಿನ ಪ್ರೀತಿಯನ್ನು ನಂಬಿ ಕಟ್ಟಿದ ಸಂಘ ನಾಲ್ಕು ಜನರ ಮುಚ್ಚಿದ ಕೋಣೆಯಲ್ಲಿ ಅಳಿಯುವ ರೀತಿ ಬದಲಾಗಲಿಲ್ಲ. ತಂಡವನ್ನು ಗೆಲ್ಲಿಸುವ ವಿದ್ಯೆಯನ್ನು ಚಾಪ್‌ಮನ್ನನಿಂದ ಲೋಕ ಕಲಿತಿದೆ. ಲೆಕ್ಕಪುಸ್ತಕವನ್ನು ತೆರೆದಿಡುವ ವಿದ್ಯೆಯನ್ನು ಆತನ ಬಾಳಿನಿಂದ ಇನ್ನೂ ಕಲಿಯಬೇಕಾಗಿದೆ.