ಮೇಡಂ ಕ್ಯೂರಿ

ಕೈಕಾಲು ಮುರಿದವರ ಮೂಳೆಯನ್ನು ದೇಹ ಕೊಯ್ಯದೆ ತೋರಿಸುವ ಕ್ಷ-ಕಿರಣ ಯಂತ್ರ ಇಂದು ನಮ್ಮ ದೆಹಲಿಯ ಸಣ್ಣ ಆಸ್ಪತ್ರೆಗಳಲ್ಲಿಯೂ ಇದೆ. 1895ರಲ್ಲಿ ಈ ಕಿರಣಗಳನ್ನು ಕಂಡುಹಿಡಿದವರು ಜರ್ಮನಿಯ ರಾಂಟ್‌ಜನ್. ಅವನ್ನು ರಣರಂಗದ ಗಾಯಾಳುಗಳ ಬಳಿಗೆ ಒಯ್ದವರಲ್ಲಿ ಅಗ್ರಗಣ್ಯರು ಮೇಡಂ ಕ್ಯೂರಿ.

ಅವರು ಜನಿಸಿದುದು 1867ರ ನವೆಂಬರ್ 7ರಂದು, ಪೋಲೆಂಡಿನ ವಾರ್ಸಾ ನಗರದಲ್ಲಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಕೆಲವು ವರ್ಷ ಮನೆಪಾಠ ಹೇಳಿ, 1891ರಲ್ಲಿ ಪ್ಯಾರಿಸ್ಸಿಗೆ ತೆರಳಿ, ಪರಭಾಷೆಯಲ್ಲಿ ವಿದ್ಯೆ ಕಲಿತರು. 1898ರಲ್ಲಿ ಪತಿ ಪಿಯರ್ ಅವರೊಡನೆ ಶೋಧಿಸಿದ ಧಾತುವೊಂದಕ್ಕೆ ತಾಯ್ನಾಡಿನ ನೆನಪಿಗಾಗಿ ಪೊಲೋನಿಯಂ ಎಂದು ಹೆಸರಿಟ್ಟರು. ಅದೇ ವರ್ಷ ರೇಡಿಯಂ ಬೆಳಕಿಗೆ ಬಂದಿತು. 1903 ಮತ್ತು 1911ರಲ್ಲಿ ನೊಬೆಲ್ ಪಾರಿತೋಷಕಗಳು ಲಭಿಸಿದುವು.

1914ರಲ್ಲಿ ಮಹಾಯುದ್ಧ ಆರಂಭವಾಯಿತು. ಗಾಯಾಳುವಿನ ದೇಹದಲ್ಲಿ ಗುಂಡು ಎಲ್ಲಿ ಹುದುಗಿದೆಯೆಂದು ಕಾಣದೆ ಶಸ್ತ್ರವೈದ್ಯರು ಕಷ್ಟಪಡುತ್ತಿದ್ದರು. ಮೇಡಂ ಕ್ಯೂರಿ ಮೋಟಾರು ಗಾಡಿಗಳಲ್ಲಿ ಕ್ಷ-ಕಿರಣ ಯಂತ್ರಗಳನ್ನು ಹೂಡಿಸಿದರು. ಗಾಡಿಯ ಎಂಜಿನ್ನಿನಿಂದಲೇ ಡೈನಮೊ ತಿರುಗಿ ವಿದ್ಯುತ್ತು ದೊರೆಯುತ್ತಿತ್ತು. ಇಂತಹ ಸುಮಾರು 20 ಗಾಡಿಗಳೂ 200 ಕ್ಷ-ಕಿರಣ ಕೊಠಡಿಗಳೂ ಸಿದ್ಧವಾದುವು. ತಾವೇ ಗಾಡಿ ನಡೆಸಲು ಕಲಿತರು; ಹದಿಹರೆಯದ ಮಗಳು ಐರೀನಳನ್ನೂ ಸೇವೆಗೆ ತೊಡಗಿಸಿದರು; ಸುಮಾರು 150 ಮಹಿಳೆಯರಿಗೆ ಈ ವಿದ್ಯೆಯನ್ನು ಕಲಿಸಿದರು.

ಕಿರಣಗಳಿಂದ ತಕ್ಕ ರಕ್ಷಣೆ ಅಂದು ಇರಲಿಲ್ಲ. ದೀರ್ಘಕಾಲ ಅವುಗಳ ನಡುವೆ ದುಡಿದ ದೇಹದಲ್ಲಿ ರಕ್ತದ ಉತ್ಪತ್ತಿಯೇ ಕುಂದಿ, 1934ರ ಜುಲೈ 4ರಂದು ಅವರು ತೀರಿಕೊಂಡರು.

ಇಂದು ಯಂತ್ರ ನಡೆಸುವವರು ಸೀಸದ ಮರೆಯಲ್ಲಿ ನಿಲ್ಲುತ್ತಾರೆ. ಆ ಎಚ್ಚರಿಕೆಯನ್ನು ಲೋಕವು ಕಲಿತದ್ದು ಇಂತಹವರ ನೋವಿನಿಂದ ಎಂಬುದನ್ನು ನಾವು ಮರೆಯಬಾರದು.